ಪೇಟೆ ಕಡೆಯ ಮುಖ

"ಇವೆರಡರಲ್ಲಿ ಯಾವುದನ್ನ ನಂಬೋದು?"

ನರ್ಸಮ್ಮ ಕೇಳಿದ್ದು ಯಾರನ್ನೂ ಅಲ್ಲ. ಬೀದಿ ನಡುವಿನ ಕಬ್ಬಿಣದ ಕಂಬದ ಬುಡದಲ್ಲಿ ನಿಂತು, ಅದರ ನೆತ್ತಿಯ ಮೇಲಿದ್ದ ಗಡಿಯಾರವನ್ನು ಕತ್ತೆತ್ತಿ ನೋಡುವಾಗ ತುಟಿ ಮೀರಿ ಬಂದ ಮಾತು ಅದು. ಗಡಿಯಾರಕ್ಕೆ ಎರಡು ಮುಖ. ರೈಲು ನಿಲ್ದಾಣದ ಕಡೆಗೆ ತಿರುಗಿದ ಮುಖದಲ್ಲಿ ಹನ್ನೊಂದು ಇಪ್ಪತ್ತು. ಕಂಬ ಸುತ್ತಿ ಈಚೆಗೆ ಬಂದರೆ, ಪೇಟೆಯ ಕಡೆಯ ಮುಖದಲ್ಲಿ ಹನ್ನೊಂದು ಇಪ್ಪತ್ತೊಂಬತ್ತು. ಒಂದೇ ಹೊಟ್ಟೆ, ಒಂದೇ ಯಂತ್ರ, ಮಾತು ಮಾತ್ರ ಎರಡು. ಮೂರು ಸಲ ಸುತ್ತಿ ಬಂದರೂ ಆ ಒಂಬತ್ತು ನಿಮಿಷ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ, ಹೆಚ್ಚೂ ಆಗಲಿಲ್ಲ.

"ಸಾಕು ಬಾರೇ ಅಕ್ಕ, ಸುತ್ತಿದ್ದು," ಅಂದಳು ತಂಗಿ, ಅಂಗಡಿ ಮೆಟ್ಟಿಲ ಮೇಲೆ ಕೈಚೀಲ ಇಟ್ಟುಕೊಂಡು ಕೂತಲ್ಲಿಂದಲೇ. "ಕಂಬಕ್ಕೇ ತಲೆಸುತ್ತು ಬಂದೀತು."

ನರ್ಸಮ್ಮನಿಗೆ ಗಡಿಯಾರದ ಹುಚ್ಚು. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರು. ಎದೆಯ ಮೇಲೆ ತಲೆಕೆಳಗಾಗಿ ನೇತಾಡುವ ಪುಟ್ಟ ವಾಚನ್ನು ನಿವೃತ್ತರಾದ ಮೇಲೂ ಬಿಟ್ಟವರಲ್ಲ. ಮಗು ಮೊದಲು ಅತ್ತ ನಿಮಿಷವನ್ನು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸವಾಗಿತ್ತು, ಮತ್ತು ಆ ಒಂದು ಸಾಲಿನಲ್ಲಿ ಅವರು ಯಾರ ಮುಲಾಜಿಗೂ ಬಿದ್ದಿರಲಿಲ್ಲ. ಒಬ್ಬ ತಂದೆ, ತನ್ನ ಹುಟ್ಟಿದ ದಿನವೇ ಮಗಳದ್ದೂ ಆಗಲೆಂದು, ಎರಡೇ ಎರಡು ನಿಮಿಷ ಹಿಂದಕ್ಕೆ ಬರೆಯಿರಿ ಅಂತ ಗೋಗರೆದಿದ್ದ. ನರ್ಸಮ್ಮ ಮಗುವನ್ನು ಅವನ ಕೈಗೆ ಕೊಟ್ಟರು, ನಿಮಿಷವನ್ನು ಕೊಡಲಿಲ್ಲ. ಬೆನ್ನ ಹಿಂದೆ ಎಲ್ಲರೂ ನಿಮಿಷದ ನರ್ಸಮ್ಮ ಅಂತ ಆಡಿಕೊಳ್ಳುತ್ತಿದ್ದರು. ಅವರು ಅದನ್ನೇ ಒಡವೆಯ ಹಾಗೆ ಧರಿಸಿಕೊಂಡರು.

ನಿವೃತ್ತಿಯ ಮೇಲೆ ಊರೂರು ತಿರುಗಿ ಗಡಿಯಾರ ನೋಡುವುದೇ ಕಾಯಕವಾಯಿತು. ಬೇರೆಯವರ ಅಕ್ಕಂದಿರು ಸಮುದ್ರ ತೋರಿಸ್ತಾರೆ, ನನ್ನ ಅಕ್ಕ ಮುಳ್ಳು ತೋರಿಸ್ತಾಳೆ ಅಂತ ತಂಗಿ ಹೇಳಿಕೊಂಡು ನಗುತ್ತಿದ್ದಳು. ಆದರೂ ಒಂದು ಸಲವೂ ಹಿಂದೆ ಉಳಿದವಳಲ್ಲ. ಈ ಗಡಿಯಾರದ ಸುದ್ದಿ ಸಿಕ್ಕಿದ್ದು ಗಡಿಯಾರಪ್ರಿಯರ ಸಂಘದ ಪತ್ರಿಕೆಯ ಮೂರು ಸಾಲಿನಲ್ಲಿ: ಎರಡು ಮುಖ, ಎಂದೂ ಒಮ್ಮತವಿಲ್ಲ, ನೋಡಿಕೊಳ್ಳುವವರು ದೋಷವಲ್ಲ ಅನ್ನುತ್ತಾರೆ. ಸಂಘದ ಹಿರಿಯರು ಮುಳ್ಳು ಸಡಿಲವಾಗಿರಬೇಕು ಅಂತ ಮುಗಿಸಿಬಿಟ್ಟಿದ್ದರು. ಸಡಿಲವಾದ ಮುಳ್ಳು ಕುಡುಕನ ಹಾಗೆ, ಇವತ್ತು ಎರಡು ಹೆಜ್ಜೆ ಮುಂದೆ, ನಾಳೆ ಐದು ಹೆಜ್ಜೆ ಹಿಂದೆ. ಇದು ಹಾಗಲ್ಲ.

"ಇದು ತಿಳಿದೂ ತಿಳಿದೂ ಹೇಳಿದ ಸುಳ್ಳು," ಅಂದರು ನರ್ಸಮ್ಮ.

"ಸುಳ್ಳು ಅನ್ನಬೇಡಿ. ಅವಸರ ಅನ್ನಿ," ಅಂತ ಕಂಬದ ಬುಡದಿಂದಲೇ ಉತ್ತರ ಬಂತು.

ಕಂಬಕ್ಕೆ ಆತುಕೊಂಡು ಒಂದು ಗೂಡಂಗಡಿ ಇತ್ತು, ಆಳೆತ್ತರದ ಪೆಟ್ಟಿಗೆಯಂಥದ್ದು. ಒಳಗೆ ಗೋಡೆ ತುಂಬ ಬೀಗದ ಕೈಗಳು. ನಡುವೆ ಎಪ್ಪತ್ತರ ಆಸುಪಾಸಿನ ಹೆಂಗಸು, ಕೀಲಿಕೈ ಕಚ್ಚಿಸಿದ ಪುಟ್ಟ ಇಕ್ಕಳವನ್ನು ಮೊಣಕಾಲಿನ ನಡುವೆ ಒತ್ತಿಕೊಂಡು, ಅರದಿಂದ ಅದಕ್ಕೆ ಹಲ್ಲು ಕೊರೆಯುತ್ತಿದ್ದರು. ಎಡಗೈ ಮಾತ್ರ ಓಡುತ್ತಿತ್ತು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬೀದಿಯವರಿಗೆ ಅವರು ಬೀಗದಮ್ಮ. ಗಂಡ ಬೀಗದವನಾಗಿದ್ದ, ಅವನು ಹೋದ ಮೇಲೆ ಅರವೂ ಇವರ ಕೈಗೆ ಬಂತು, ಗಡಿಯಾರವೂ ಬಂತು. ಗಡಿಯಾರ ಅವನಿಗೆ ಅಂಟಿಕೊಂಡದ್ದೂ ಒಂದು ತಮಾಷೆಯೇ. ನಗರಸಭೆಯವರು ಅದರ ಕೀ ಕಳೆದುಕೊಂಡು ಹೊಸದು ಮಾಡಿಸಲು ಬಂದಿದ್ದರಂತೆ. ಮಾಡಿಕೊಟ್ಟ, ಹಾಗಾದರೆ ವಾರಕ್ಕೊಮ್ಮೆ ನೀನೇ ಕೀ ಕೊಡು ಅಂದುಬಿಟ್ಟು ಹೋದರಂತೆ. ಅದೇ ಕೊನೆ, ಮೂವತ್ತೊಂದು ವರ್ಷ ಯಾರೂ ಈ ಕಡೆ ತಲೆ ಹಾಕಲಿಲ್ಲ.

ನರ್ಸಮ್ಮ ಕಷ್ಟಪಟ್ಟು ವಿನಯದಿಂದಲೇ ಕೇಳಿದರು: ಯಂತ್ರ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಒಂದು ಮುಖವನ್ನು ಯಾಕೆ ಕೆಡಿಸಿಟ್ಟಿದ್ದೀರಿ? ಬೀಗದಮ್ಮ ಅರ ಕೆಳಗಿಟ್ಟು, ಇವರ ಎದೆಯ ಮೇಲಿನ ವಾಚನ್ನು ಒಮ್ಮೆ, ಮುಖವನ್ನೊಮ್ಮೆ ನೋಡಿದರು. ಹೇಳಬಹುದಾದವರೋ ಅಲ್ಲವೋ ಅಂತ ತೂಗಿದಂತಿತ್ತು. ಆಮೇಲೆ ಸ್ಟೂಲು ಮುಂದಕ್ಕೆ ತಳ್ಳಿದರು.

ಪೇಟೆಯ ಕಡೆಯ ಮುಖವನ್ನು ನೋಡುವವರು ರೈಲಿಗೆ ಹೋಗುವವರು, ನಿಲ್ದಾಣದ ಕಡೆಯದನ್ನು ನೋಡುವವರು ರೈಲು ಇಳಿದು ಬರುವವರು. ಇಳಿದು ಬಂದವರಿಗೆ ನಿಜ ಸಾಕು. ಹೋಗುವವರಿಗೆ ನಿಜದ ಜೊತೆ ಇನ್ನೊಂದು ಚೂರು ಬೇಕು. ಎಷ್ಟು ಚೂರು ಅನ್ನುವುದನ್ನು ಗಂಡ ಹೀಗೆ ಗೊತ್ತು ಮಾಡಿದ್ದ: ಈ ಬೀದಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರಿಗೆ ಎಷ್ಟು ಬೇಕೋ ಅಷ್ಟು. ಮೊದಲು ರೊಟ್ಟಿ ಅಂಗಡಿಯವನ ಅತ್ತೆಗೆ ನಾಲ್ಕು ನಿಮಿಷ ಇತ್ತು. ಆಕೆ ತೀರಿಕೊಂಡ ಮೇಲೆ ಎರಡಕ್ಕೆ ಇಳಿಯಿತು. ಒಬ್ಬ ಬಸುರಿ ದಿನಾ ಕಾರ್ಖಾನೆಗೆ ಹೋಗುತ್ತಿದ್ದಳು; ಅವಳಿಗೆ ಕೊನೆಯ ಮೂರು ತಿಂಗಳು ಆರು ನಿಮಿಷ, ಹೆತ್ತ ಮೇಲೆ ಮತ್ತೆ ಹಿಂದಕ್ಕೆ.

"ಬೇಗ ಹೋಗಿ ನನ್ನ ಬೈದುಕೊಂಡೋರಿದ್ದಾರೆ," ಅಂದರು ಬೀಗದಮ್ಮ. "ರೈಲು ತಪ್ಪಿ ಅತ್ತೋರು ಯಾರೂ ಇಲ್ಲ."

ಈಗಿನ ಒಂಬತ್ತು ನಿಮಿಷ ಪದ್ಯದ ಮೇಷ್ಟ್ರದ್ದು. ನಾಲ್ಕು ಮನೆ ಆಚೆ, ಮೊದಲ ಮಹಡಿಯಲ್ಲಿ ಮಗ ಸೊಸೆಯ ಜೊತೆ ಇರುವವರು. ಎರಡು ನಿಲ್ದಾಣ ದಾಟಿದರೆ ಸಿಗುವ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತಾರೆ. ಎಂಟೂ ನಲವತ್ತರ ರೈಲು ತಪ್ಪಿದರೆ ಮುಂದಿನದು ಒಂದು ಗಂಟೆಯ ಮೇಲೆ. ಶಾಲೆಯ ಗೇಟು ಒಂಬತ್ತಕ್ಕೇ ಮುಚ್ಚುತ್ತದೆ. ಇನ್ನೊಂದು ಸಲ ತಡವಾದರೆ ಪದ್ಯದ ತರಗತಿಯನ್ನೇ ತೆಗೆದುಬಿಡುತ್ತೇವೆ ಅಂತ ಹೆಡ್‌ಮಿಸ್ ಆಗಲೇ ಹೇಳಿಯಾಗಿದೆ. ತಡೆದುಕೊಂಡು ನೋಡುತ್ತಿದ್ದ ಸೊಸೆ, ಇನ್ನು ಸ್ವಲ್ಪ ಬೇಗ ಹೊರಡಿ ಮಾವ, ಅಂತ ಒಂದೇ ಒಂದು ಸಲ ಅಂದಿದ್ದಕ್ಕೆ ಅವರು ಒಂದು ತಿಂಗಳು ಮಾತು ಬಿಟ್ಟಿದ್ದರು. ಕೋಲು ತಂದುಕೊಟ್ಟ ಮಗನಿಗೆ, ಅದರಲ್ಲಿ ಬಟ್ಟೆ ಒಣಗಿಸು ಅಂದಿದ್ದರು. ಮೂವತ್ತು ವರ್ಷದಿಂದ ಗಡಿಯಾರದಲ್ಲಿ ಎಂಟೂ ಇಪ್ಪತ್ತು ಕಂಡಾಗಲೇ ಅವರು ಹೊಸ್ತಿಲು ದಾಟುವುದು. ಅವರನ್ನು ಬದಲಾಯಿಸುವುದಕ್ಕಿಂತ ಎಂಟೂ ಇಪ್ಪತ್ತನ್ನು ಬದಲಾಯಿಸುವುದೇ ಸುಲಭ ಅಂತ ಬೀದಿ ತೀರ್ಮಾನಿಸಿತ್ತು. ಎಲ್ಲರಿಗೂ ಗೊತ್ತು, ಅವರೊಬ್ಬರಿಗೆ ಬಿಟ್ಟು.

"ಅವರಿಗೆ ಎಷ್ಟು ಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು ನರ್ಸಮ್ಮ. ಅಳತೆ ಅಂದರೆ ಅವರಿಗೆ ಕಿವಿ ನೆಟ್ಟಗಾಗುತ್ತದೆ.

ಬೀಗದಮ್ಮ ಸ್ವಲ್ಪ ನಾಚಿಕೊಂಡರು. ಮೇಷ್ಟ್ರು ಮನೆಯ ಬಾಗಿಲು ದಾಟುತ್ತಲೇ ಮೊದಲ ಪದ್ಯ ಹಿಡಿಯುತ್ತಾರೆ, ಆವತ್ತಿನ ಪಾಠವನ್ನು ಹೇಳಿಕೊಳ್ಳುತ್ತಾ ಬರುತ್ತಾರೆ. ಬೀಗದಮ್ಮನಿಗೆ ಓದು ಬರುವುದಿಲ್ಲ. ಕೇಳಿ ಕೇಳಿ ಎಲ್ಲವೂ ಎದೆಗೆ ಇಳಿದಿವೆ. ಗಂಡ ಇದ್ದಾಗ ಎರಡನೆಯ ಪದ್ಯ ಮುಗಿಯುವ ಹೊತ್ತಿಗೆ ಮೇಷ್ಟ್ರು ಕಂಬದ ಹತ್ತಿರ ಇರುತ್ತಿದ್ದರು. ಆಮೇಲೆ ಮೂರಾಯಿತು. ಕಳೆದ ವರ್ಷ ಐದು. ಅವರ ಕೊರಳು ಎಳ್ಳಷ್ಟೂ ನಿಧಾನವಾಗಿಲ್ಲ, ಲಯ ತಪ್ಪಿಲ್ಲ. ಕಾಲು ಮಾತ್ರ ಹಿಂದೆ ಬೀಳುತ್ತಿದೆ. ಒಂದು ಪದ್ಯ ಹೆಚ್ಚಾದರೆ ಕಂಬದಿಂದ ರೈಲಿನವರೆಗೆ ಎರಡು ನಿಮಿಷ ಹೆಚ್ಚು ಬೇಕು. ಈ ತಿಂಗಳು ಆರನೆಯ ಪದ್ಯ ಶುರುವಾಗಿ ಮುಗಿಯುತ್ತಿದೆ. ಹೋದ ವಾರ ಗಾರ್ಡು ಸೀಟಿ ಊದಿದ ಮೇಲೆ, ಕೈ ಹಿಡಿದು ಹತ್ತಿಸಿಕೊಂಡನಂತೆ.

"ಇನ್ನೆರಡು ನಿಮಿಷ ಮುಂದಕ್ಕೆ ತಳ್ಳಬೇಕು," ಅಂದರು. "ನನ್ನ ಭುಜ ಈ ವಾರ ಪೂರ್ತಿ ಕೂತುಬಿಟ್ಟಿದೆ, ಏಣಿ ಹತ್ತೋಕಾಗ್ತಿಲ್ಲ. ಬೀದಿಯೋರಿಗೆ ಯಂತ್ರ ಮುಟ್ಟೋಕೆ ಭಯ. ನಿಮಗೆ ಇದೆಲ್ಲ ಗೊತ್ತಲ್ಲ, ಒಂದು ಸಲ ಹತ್ತಿ ತಳ್ಳಿಕೊಡ್ತೀರಾ?"

ಊರೂರಿನ ಗಡಿಯಾರಗಳ ಬುಡದಲ್ಲಿ ನಿಂತು, ಹಿಂದೆ ಬಿದ್ದದ್ದನ್ನು ಮುಂದಕ್ಕೆ, ಮುಂದೆ ಹೋದದ್ದನ್ನು ಹಿಂದಕ್ಕೆ ತರಿಸಿದವರು ನರ್ಸಮ್ಮ. ಸರಿ ಇದ್ದ ಮುಳ್ಳನ್ನು ತಪ್ಪಿಗೆ ತಳ್ಳಿದವರಲ್ಲ. ಆ ಮುಖ ಈಗಲೇ ತಪ್ಪಾಗಿದೆಯಲ್ಲ ಅಂತ ತಂಗಿ ಪಕ್ಕದಿಂದ ನೆನಪಿಸಿದಳು, ಒಂಬತ್ತಾದರೇನು, ಹನ್ನೊಂದಾದರೇನು. ನಾಳೆ ಹೇಳುತ್ತೇನೆ ಅಂದರು ನರ್ಸಮ್ಮ. ನಾಳೆ ಅಂದರೆ ಸ್ವಲ್ಪ ಬೇಗ ಬನ್ನಿ ಅಂದರು ಬೀಗದಮ್ಮ. ಮೂವತ್ತೊಂದು ವರ್ಷ ಮರೆತಿದ್ದ ನಗರಸಭೆಗೆ ಈಗ ನೆನಪಾಗಿತ್ತು. ಬೀದಿ ಗಡಿಯಾರಗಳನ್ನೆಲ್ಲ ತಪಾಸಣೆ ಮಾಡಿ, ಸರಿ ಇದ್ದವಕ್ಕೆ ಸೀಸದ ಮುದ್ರೆ ಒತ್ತಿ ಮುಚ್ಚುತ್ತಾರಂತೆ. ಸರಿ ಇಲ್ಲದ್ದನ್ನು ಇಳಿಸಿ ಅಂಕಿ ಉರಿಯುವ ಹಲಗೆ ಹಾಕುತ್ತಾರಂತೆ. ಬೆಳಿಗ್ಗೆ ಎಂಟಕ್ಕೆ ಇಂಜಿನಿಯರ್ ಬರುತ್ತಾನೆ.

ಅವತ್ತು ಮಧ್ಯಾಹ್ನವೇ ಅಲ್ಲಿಂದ ಹೊರಟಿದ್ದರೂ ಆಗುತ್ತಿತ್ತು, ಆದರೆ ನರ್ಸಮ್ಮ ಕದಲಲಿಲ್ಲ. ನಾಲ್ಕು ದಾಟಿದ ಮೇಲೆ ನಿಲ್ದಾಣದ ಕಡೆಯಿಂದ ಮೇಷ್ಟ್ರು ಬಂದರು. ಬಿಳಿ ಅಂಗಿ, ಇಸ್ತ್ರಿಯ ಗೆರೆ ಕತ್ತಿಯಂಥದ್ದು, ಕಂಕುಳಲ್ಲಿ ಪುಸ್ತಕ. ಹೆಜ್ಜೆ ಎತ್ತಿ ಇಡುವುದಲ್ಲ, ನೆಲ ಒರೆಸಿದ ಹಾಗೆ. ನರ್ಸಮ್ಮನ ಕಣ್ಣು ತಾನಾಗಿ ಪಾದಕ್ಕೆ ಹೋಯಿತು. ಎಷ್ಟು ನೋವಿದೆ, ಎಲ್ಲಿದೆ ಅಂತ ಅವರಿಗೆ ತಿಳಿದುಹೋಯಿತು. ಕಂಬದ ಹತ್ತಿರ ನಿಂತು ಮೇಷ್ಟ್ರು, ಪೇಟೆ ಕಡೆಯ ಮುಖಕ್ಕೇ ಹೊಂದಿಸಿಟ್ಟಿದ್ದ ತಮ್ಮ ಕೈಗಡಿಯಾರ ನೋಡಿಕೊಂಡು ಮೇಲೆ ನೋಡಿದರು.

"ಬೀಗದಮ್ಮ, ಈ ಕಡೆ ಮುಖ ಇವತ್ತೂ ಒಂಬತ್ತು ನಿಮಿಷ ಹಿಂದೆ," ಅಂದರು. "ಎಷ್ಟು ದಿನದಿಂದ ಹೇಳ್ತಿದೀನಿ. ಆ ಸ್ಟೇಷನ್ನಿನದೂ ಹಿಂದೆ, ನಮ್ಮ ಶಾಲೇದೂ ಹಿಂದೆ. ಊರಿಗೆ ಊರೇ ಸೋಮಾರಿ ಆಗಿದೆ."

ನೋಡಿಸ್ತೀನಿ ಮೇಷ್ಟ್ರೇ ಅಂದರು ಬೀಗದಮ್ಮ, ಅರದಿಂದ ತಲೆ ಎತ್ತದೆ. ಅಷ್ಟರಲ್ಲಿ ಮೇಷ್ಟ್ರ ಕಣ್ಣು ನರ್ಸಮ್ಮನ ಎದೆಯ ಮೇಲಿನ ವಾಚಿಗೆ ಬಿತ್ತು. ತಾವು ಹೇಳಿ, ಎಷ್ಟಾಗಿದೆ ಈಗ, ಅಂತ ಕೇಳಿದರು. ಒಬ್ಬ ಸಾಕ್ಷಿ ಸಿಕ್ಕಿದ ಖುಷಿ ದನಿಯಲ್ಲಿತ್ತು. ನರ್ಸಮ್ಮ ವಾಚನ್ನು ಎತ್ತಿ ನೋಡಿದರು. ನಾಲ್ಕು ಹದಿಮೂರು. ಬಾಯಿ ತೆರೆದರು. ವಾಚನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಅವಳದು ಕೆಟ್ಟಿದೆ ಮೇಷ್ಟ್ರೇ," ಅಂದಳು ತಂಗಿ. "ರಿಪೇರಿಗೆ ಕೊಡಬೇಕು."

ಮೇಷ್ಟ್ರು ಸಹಾನುಭೂತಿಯಿಂದ ತಲೆಯಾಡಿಸಿ ಮುಂದೆ ಹೋದರು. ಮೂವತ್ತನಾಲ್ಕು ವರ್ಷದಲ್ಲಿ ಆ ವಾಚಿಗೆ ಯಾರೂ ಅಂಥ ಮಾತು ಆಡಿರಲಿಲ್ಲ. ನರ್ಸಮ್ಮನ ಕಿವಿ ಬಿಸಿಯಾಯಿತು. ಆದರೆ ತಂಗಿಯನ್ನು ತಿದ್ದಲಿಲ್ಲ.

ಉಳಿದುಕೊಂಡಿದ್ದ ಕೋಣೆಗೆ ನಡೆದು ಹೋಗುವಾಗ ಅವರು ತಂಗಿಗೆ ಒಂದು ಸಂಗತಿ ಹೇಳಿದರು. ಎಂದೂ ಹೇಳದೇ ಇದ್ದದ್ದು. ವಾರ್ಡಿಗೆ ರೋಗಿಗಳನ್ನು ನೋಡಲು ಬರುವವರಿಗೆ ಸಂಜೆ ಆರರವರೆಗೆ ಸಮಯ. ಒಬ್ಬ ಮುದುಕ, ಸೊಸೆಯನ್ನೂ ಮೊಮ್ಮಗುವನ್ನೂ ನೋಡಲು ದಿನಾ ಬರುತ್ತಿದ್ದ. ಬಂದಾಗ ಆರು ದಾಟಿ ಎರಡೋ ಮೂರೋ ನಿಮಿಷ ಆಗಿರುತ್ತಿತ್ತು. ದಿನಾ ಬಾಗಿಲು ಹಾಕಿರುತ್ತಿತ್ತು. ಹಾಕುತ್ತಿದ್ದದ್ದು ನಾನೇ, ಅಂದರು. ಐದು ದಿನ ಗಾಜಿನ ಆಚೆ ನಿಂತು ಹೋದ. ಆರನೆಯ ದಿನ ಬರಲಿಲ್ಲ. ಬೇಗ ಹೊರಡಬಾರದಾ ಅಂತ ಅನ್ನಿಸಿತ್ತೇ ಹೊರತು, ಹೇಗೆ ನಡೆದು ಬರ್ತಾನೆ ಅಂತ ಒಂದು ದಿನವೂ ಹೊರಗೆ ಹೋಗಿ ನೋಡಲಿಲ್ಲ.

ಯಾವುದಕ್ಕೂ ಮಾತು ಹುಡುಕುವ ತಂಗಿ ಆಗ ಅಕ್ಕನ ಕೈಚೀಲ ತಾನು ತೆಗೆದುಕೊಂಡಳು.

ಬೆಳಿಗ್ಗೆ ಏಳೂವರೆಗೆಲ್ಲ ನರ್ಸಮ್ಮ ಏಣಿಯ ಕೆಳಗಿದ್ದರು. ತಳ್ಳುತ್ತೇನೆ ಅಂತ ಅನ್ನಲಿಲ್ಲ. ಒಳಗೊಮ್ಮೆ ನೋಡಬೇಕು, ಅಷ್ಟೇ ಅಂದರು. ಬೀಗದಮ್ಮ ಕೀಲಿಕೈ ಕೊಟ್ಟು, ಎಡಗೈಯಿಂದ ಏಣಿ ಹಿಡಿದುಕೊಂಡರು. ತಂಗಿ ಇನ್ನೊಂದು ಬದಿ ಹಿಡಿದು, ಬಿದ್ದರೆ ನನ್ನ ಮೇಲೆ ಬೀಳಬೇಡ, ನಾನೂ ನಾಜೂಕೇ, ಅಂದಳು.

ಏಣಿ ಹತ್ತಿ ಗಡಿಯಾರದ ಪೆಟ್ಟಿಗೆಯ ಪಕ್ಕದ ಬಾಗಿಲು ತೆರೆದಾಗ ನರ್ಸಮ್ಮ ಬಂದ ಕೆಲಸವನ್ನೇ ಒಂದು ಕ್ಷಣ ಮರೆತರು. ಹಿತ್ತಾಳೆಯ ಚಕ್ರಗಳು ಒಂದರ ಹಲ್ಲಿಗೊಂದು ಹಲ್ಲು ಕೊಟ್ಟು ಸದ್ದಿಲ್ಲದ ಮಾತಿನಲ್ಲಿ ತೊಡಗಿದ್ದವು. ಎಣ್ಣೆ ಹೊಸದು, ಧೂಳಿನ ಸುಳಿವಿಲ್ಲ. ನಡುವಿನ ಯಂತ್ರದಿಂದ ಎರಡು ಕಡೆಗೆ ಎರಡು ಸರಳು. ಪೇಟೆಯ ಕಡೆಯ ಸರಳಿಗೆ ಮಾತ್ರ ಒಂದು ಬಳೆ, ಕೈಯಿಂದ ಮಾಡಿದ್ದು. ಅದನ್ನು ತಿರುಗಿಸಿದರೆ ಆ ಕಡೆಯ ಮುಳ್ಳುಗಳಷ್ಟೇ ಸರಿಯುತ್ತವೆ. ಬಳೆಯ ಅಂಚಿಗೆ ಸಾಲಾಗಿ ಗೀರುಗಳು, ಒಂದು ಗೀರಿಗೆ ಒಂದು ನಿಮಿಷ. ಎರಡನೆಯದು, ನಾಲ್ಕನೆಯದು, ಆರನೆಯದು ನಿಂತು ನಿಂತು ಸವೆದಿದ್ದವು. ಒಂಬತ್ತು ಹೊಳೆಯುತ್ತಿತ್ತು. ಹತ್ತು, ಹನ್ನೊಂದು, ಹನ್ನೆರಡು ಹೊಸವು; ಎಡಗೈಯಲ್ಲಿ ಕೊರೆದದ್ದರಿಂದಲೋ ಏನೋ ಸ್ವಲ್ಪ ಸೊಟ್ಟ. ಸಾವಿರಾರು ರೋಗಿಗಳ ಚಾರ್ಟು ಓದಿದವರಿಗೆ ಇದನ್ನು ಓದುವುದು ಕಷ್ಟವಾಗಲಿಲ್ಲ. ಆರರ ಗೀರಿನ ಮೇಲೆ ಬೆರಳು ಇಟ್ಟು ನಿಂತರು. ಒಂಬತ್ತನೆಯ ತಿಂಗಳ ಬಸುರಿ ಎಷ್ಟು ನಿಧಾನ ನಡೆಯುತ್ತಾಳೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆರು ನಿಮಿಷ. ಸರಿಯಾಗಿತ್ತು ಲೆಕ್ಕ.

ಇಂಜಿನಿಯರ್ ಹೇಳಿದ ಸಮಯಕ್ಕೆ ಬಂದ. ನಲವತ್ತರ ಆಸುಪಾಸಿನವನು, ಸೈಕಲ್ಲಿನ ಹಿಂದೆ ಮುದ್ರೆಯ ಇಕ್ಕಳ, ಸೀಸದ ಬಿಲ್ಲೆಗಳ ಡಬ್ಬಿ, ಕೈಯಲ್ಲಿ ಫಾರಂ ಕಟ್ಟು. ಎರಡೂ ಮುಖ ನೋಡಿದ, ತನ್ನ ವಾಚು ನೋಡಿದ, ತಲೆ ಕೆರೆದುಕೊಂಡ. ಬೀಗದಮ್ಮ ಅವನನ್ನು ಅಂಗಡಿಯ ಮರೆಗೆ ಕರೆದು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಮೇಲಿದ್ದ ನರ್ಸಮ್ಮನಿಗೆ ಮಾತು ಕೇಳಲಿಲ್ಲ, ಕೇಳುತ್ತಿದ್ದವನ ಮುಖ ಕಂಡಿತು. ಅವನು ಕೆಟ್ಟವನಲ್ಲ. ತನ್ನ ತಾಯಿಯೂ ಈಗ ಹಾಗೇ ನಡೆಯುತ್ತಾಳೆ ಅಂದನಂತೆ. ಆದರೆ ಫಾರಂನಲ್ಲಿ ಇರುವುದು ಎರಡೇ ಚೌಕ: ಸರಿ ಇದೆ, ಸರಿ ಇಲ್ಲ. ಮೂರನೆಯ ಚೌಕ ಬರೆಯಲು ಅವನಿಗೆ ಅಧಿಕಾರವಿಲ್ಲ. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಒಂದು ದಾರಿ ಹುಡುಕಿಕೊಂಡು ಏಣಿಯ ಬುಡಕ್ಕೆ ಬಂದು ನಿಂತ.

"ಅಮ್ಮ, ಯಂತ್ರ ಕಲ್ಲಿನ ಹಾಗಿದೆ, ಇಳಿಸೋಕೆ ನನಗೂ ಮನಸ್ಸಿಲ್ಲ," ಅಂದ. "ನೀವು ಹೇಗೂ ಮೇಲಿದ್ದೀರಿ. ಪೇಟೆ ಕಡೆದನ್ನ ಒಂಬತ್ತು ನಿಮಿಷ ಹಿಂದಕ್ಕೆ ತಿರುಗಿಸಿಬಿಡಿ. ಸೀಲ್ ಹಾಕಿ, ಸರಿ ಇದೆ ಅಂತ ಬರ್ಕೊಂಡು ಹೋಗ್ತೀನಿ. ಗಡಿಯಾರ ಉಳಿಯುತ್ತೆ."

ಸೀಲ್ ಬಿದ್ದರೆ ಮತ್ತೆ ಯಾವಾಗ ತೆರೆಯುತ್ತೀರಿ ಅಂತ ಕೇಳಿದರು ನರ್ಸಮ್ಮ. ವರ್ಷಕ್ಕೊಮ್ಮೆ, ನಮ್ಮವರೇ ಬಂದು, ಅಂದ.

ನರ್ಸಮ್ಮ ಬೀಗದಮ್ಮನನ್ನು ನೋಡಿದರು. ಬೀಗದಮ್ಮ ಮತ್ತೆ ಏಣಿಗೆ ಕೈ ಕೊಟ್ಟು, ಇನ್ನಷ್ಟು ಬಿಗಿಯಾಗಿ ಹಿಡಿದರು. ಎಷ್ಟು ಸಣ್ಣ ಕೆಲಸ ಅದು. ಒಂಬತ್ತು ಗೀರು ಹಿಂದಕ್ಕೆ. ಎರಡು ಮುಖ ಒಂದೇ ಮಾತು ಆಡುತ್ತವೆ, ಸಂಘದ ಪತ್ರಿಕೆಯಲ್ಲಿ ಹೆಸರು ಬರುತ್ತದೆ, ಇಂಥ ಯಂತ್ರ ಇನ್ನೂ ನೂರು ವರ್ಷ ನಡೆಯುತ್ತದೆ. ನಿನ್ನೆ ಹನ್ನೊಂದು ಇಪ್ಪತ್ತಕ್ಕೆ ಯಾರಾದರೂ ಕೇಳಿದ್ದರೆ ಏಣಿಗೂ ಕಾಯದೆ ಹತ್ತುತ್ತಿದ್ದರು. ಎದೆಯ ಮೇಲಿನ ವಾಚಿನಲ್ಲಿ ಎಂಟೂ ಒಂಬತ್ತು. ಪೇಟೆಯ ಕಡೆಯ ಮುಖದಲ್ಲಿ ಎಂಟೂ ಹದಿನೆಂಟು.

ಅಷ್ಟು ಎತ್ತರದಿಂದ ಬೀದಿ ಉದ್ದಕ್ಕೂ ಕಾಣುತ್ತಿತ್ತು. ರೊಟ್ಟಿ ಅಂಗಡಿಯ ಹುಡಿ ಹಾರುವ ಬಾಗಿಲು, ನೀರು ಚೆಲ್ಲಿದ ಮೆಟ್ಟಿಲು. ನಾಲ್ಕು ಮನೆ ಆಚೆ, ಮೊದಲ ಮಹಡಿಯ ಕಿಟಕಿ ತೆರೆದಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದರು. ಬಗ್ಗಿದವರು ದಾರ ಹಿಡಿದೇ ಸ್ವಲ್ಪ ಹೊತ್ತು ಹಾಗೇ ಉಳಿದರು. ಉಸಿರು ಸುಧಾರಿಸಿಕೊಂಡು ಗಂಟು ಹಾಕಿದರು. ಹಿಂದೆ ಬಾಗಿಲಲ್ಲಿ ಸೊಸೆ, ಕೈ ಮುಂದೆ ಚಾಚಲಾಗದೆ, ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಮೇಷ್ಟ್ರು ತಲೆ ಎತ್ತಿ ಗಡಿಯಾರದ ಕಡೆ ನೋಡಿದರು. ಹೊರಡಲು ಇನ್ನೂ ಎರಡು ನಿಮಿಷ ಇದೆ ಅಂತ ತೃಪ್ತಿಯಿಂದ ಬೆನ್ನು ಹಿಂದಕ್ಕೆ ಒರಗಿಸಿದರು.

"ಅಮ್ಮ, ತಿರುಗಿಸ್ತೀರಾ?" ಅಂದ ಇಂಜಿನಿಯರ್. "ಇನ್ನೂ ಮೂರು ಬೀದಿ ಇದೆ ನನಗೆ."

ನರ್ಸಮ್ಮ ಬಳೆಯ ಮೇಲೆ ಹೆಬ್ಬೆರಳು ಇಟ್ಟರು. ಮಗುವಿನ ನೆತ್ತಿಯನ್ನು ಮುಟ್ಟುವ ಹಾಗೆ ಮೆತ್ತಗೆ ಒತ್ತಿದರು. ಗಟ್ಟಿಯಾಗಿತ್ತು, ಇನ್ನೂ ಸ್ವಲ್ಪ ಒತ್ತಿದರು. ಹತ್ತು. ಹನ್ನೊಂದು. ಹೊರಗೆ ದೊಡ್ಡ ಮುಳ್ಳು ಎರಡು ಸಲ ನಡುಗಿ ನಿಂತ ಸದ್ದು ಬೆರಳಿಗೆ ಕೇಳಿಸಿತು. ಕಿಟಕಿಯಲ್ಲಿ ಮೇಷ್ಟ್ರು ಮತ್ತೆ ಮೇಲೆ ನೋಡಿದರು, ಹುಬ್ಬು ಗಂಟಿಕ್ಕಿದರು, ಎರಡೂ ಕೈ ಊರಿ ಕುರ್ಚಿಯಿಂದ ಎದ್ದರು.

"ಆ ಕಡೆ ಅಲ್ಲಮ್ಮ, ಮುಂದಕ್ಕೆ ಹೋಯ್ತು," ಅಂದ ಇಂಜಿನಿಯರ್, ಕೆಳಗಿನಿಂದ ಕೈ ಸುತ್ತಿಸಿ ತೋರಿಸುತ್ತಾ. "ಹಿಂದಕ್ಕೆ, ಹಿಂದಕ್ಕೆ ತಿರುಗಿಸಿ."

ನರ್ಸಮ್ಮ ಪೆಟ್ಟಿಗೆಯ ಬಾಗಿಲು ಮುಚ್ಚಿದರು. ಕೀಲಿಕೈಯನ್ನು ಎರಡು ಸುತ್ತು ತಿರುಗಿಸಿ ತೆಗೆದರು. ನಾಲ್ಕು ಮನೆ ಆಚೆಯಿಂದ ಮೊದಲ ಪದ್ಯದ ಮೊದಲ ಸಾಲು ಬರುತ್ತಿತ್ತು, ಕೊರಳು ಗಟ್ಟಿ, ಲಯ ಸ್ವಚ್ಛ.

"ತಿರುಗಿಸೋದಿಲ್ಲ," ಅಂದರು, ಕಡ್ಡಿ ಮುರಿದ ಹಾಗೆ.